ಅಂಚಿನಲ್ಲಿ ಕೂರುವ ಮಕ್ಕಳಿಗೂ ಪೀಟಿ ಪೀರಿಯಡ್: ಹೈಸ್ಕೂಲ್ ಶಿಕ್ಷಕರಿಗೊಂದು ಮಾರ್ಗದರ್ಶಿ

“ಹನ್ನೆರಡರವರೆಗೆ ಚಿಗರೆ ಹಾಗೆ ಓಡಾಡಿಕೊಂಡಿದ್ದ ಮಕ್ಕಳು ಹದಿಮೂರು-ಹದಿನಾಲ್ಕಕ್ಕೆ ಬಂದ ಕೂಡಲೇ ಪೀಟಿ ಪೀರಿಯಡ್ ಅಂದರೆ ತಲೆನೋವು, ಹೊಟ್ಟೆನೋವು ಅನ್ನುತ್ತಾರೆ. ಏನು ಮಾಡೋಣ?” ಬೇರೆ ಬೇರೆ ಮಾತಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಜೊತೆಗೆ ಇನ್ನೊಂದು: “ಆಟ ಮಕ್ಕಳ ಮನಸ್ಸಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. 40 ನಿಮಿಷದಲ್ಲಿ, 50 ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು, ನಾನು ಮಾಡಬೇಕಾದದ್ದಾದರೂ ಏನು?” ನನ್ನ ಪ್ರಕಾರ ಇವೆರಡೂ ಒಂದೇ ಪ್ರಶ್ನೆ. ಹಾಗಾಗಿ ಉತ್ತರವನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ.

ಮೈ ಬಗ್ಗಿಸಿದರೆ ಮನಸ್ಸು ಹಗುರವಾಗುತ್ತದೆ, ನಿಜ. ಆದರೆ ನಾಲ್ಕು ಜನರ ಮುಂದೆ ನಗೆಪಾಟಲಾಗುತ್ತಾ ಓಡಿದರೆ ಯಾರ ಮನಸ್ಸೂ ಹಗುರವಾಗುವುದಿಲ್ಲ. ಚೆನ್ನಾಗಿ ಆಡುವ ಹತ್ತು ಮಕ್ಕಳಿಗೆ ನಿಮ್ಮ ಪೀರಿಯಡ್ ಹೇಗಿದ್ದರೂ ಹಬ್ಬವೇ. ಪೀರಿಯಡ್ ಸರಿಯಾಗಿದೆಯೋ ಇಲ್ಲವೋ ಎಂದು ಅಳೆಯಬೇಕಾದದ್ದು ಮೈದಾನದ ಅಂಚಿನಲ್ಲಿ ಚಪ್ಪಲಿ, ಬ್ಯಾಗು ಕಾಯುತ್ತಾ ಕೂತ ಮಗುವಿನಿಂದ. ಮುಂದೆ ಬರುವ ಎಲ್ಲ ಹಂತಗಳೂ ಆ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು.

ಎರಡು ಅಂಕಿ ಮೊದಲೇ ಹೇಳಿಬಿಡುತ್ತೇನೆ, ಮುಖ್ಯೋಪಾಧ್ಯಾಯರ ಮುಂದೆ ಮಾತಾಡುವಾಗ ಬೇಕಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವಯಸ್ಸಿನ ಮಕ್ಕಳು ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷ ಉಸಿರು ಜೋರಾಗುವಂಥ ಚಟುವಟಿಕೆ ಮಾಡಬೇಕು. ಮೂಳೆ, ಸ್ನಾಯು ಗಟ್ಟಿಯಾಗುವಂಥದ್ದು ವಾರಕ್ಕೆ ಕನಿಷ್ಠ 3 ದಿನ ಇರಬೇಕು. ಅದೇ ಸಂಸ್ಥೆಯ ತಜ್ಞರು 146 ದೇಶಗಳ ಮಾಹಿತಿ ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 11ರಿಂದ 17ರ ವಯಸ್ಸಿನ ಶಾಲಾಮಕ್ಕಳಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟ ಮುಟ್ಟುತ್ತಿರಲಿಲ್ಲ. ಹುಡುಗಿಯರಲ್ಲಿ ಶೇ. 85, ಹುಡುಗರಲ್ಲಿ ಶೇ. 78. ಅಂದರೆ ಅಂಚಿನಲ್ಲಿ ಕೂತವರೇನೂ ವಿಚಿತ್ರ ಮಕ್ಕಳಲ್ಲ, ಜಗತ್ತಿನ ಬಹುಪಾಲು ಮಕ್ಕಳು ಅವರೇ.

ಏನೇನು ಬೇಕು

ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಒಂದು ಸ್ಟಾಪ್‌ವಾಚ್ (ಮೊಬೈಲಿನದ್ದೇ ಸಾಕು), ಗುರುತಿಗೆ ಇಡಲು ಕೋನ್‌ಗಳೋ ಖಾಲಿ ಬಾಟಲಿಗಳೋ, ಮೂರು-ನಾಲ್ಕು ಮಕ್ಕಳಿಗೆ ಒಂದರಂತೆ ಚೆಂಡು. ಚೆಂಡು ಅಂದರೆ ಹೊಸದೇ ಆಗಬೇಕಿಲ್ಲ, ಬಟ್ಟೆ ಚೆಂಡೂ ಆದೀತು. ಇವಕ್ಕಿಂತ ಮುಖ್ಯವಾಗಿ ಒಂದು ಹೆಸರು ಬೇಕು: ಮಗು ಕಷ್ಟದಲ್ಲಿದೆ ಎಂದು ನಿಮಗೆ ಗೊತ್ತಾದರೆ ಶಾಲೆಯಲ್ಲಿ ಯಾರ ಹತ್ತಿರ ಹೋಗಬೇಕು? ಆಪ್ತಸಮಾಲೋಚಕರು ಇದ್ದರೆ ಅವರು, ಇಲ್ಲವಾದರೆ ಮುಖ್ಯೋಪಾಧ್ಯಾಯರು ಗೊತ್ತುಮಾಡಿದ ಒಬ್ಬ ಶಿಕ್ಷಕರು. ಈ ಹೆಸರು ಗೊತ್ತಾಗದೆ ಮುಂದಕ್ಕೆ ಹೋಗಬೇಡಿ. ಯಾಕೆಂದರೆ ಮಕ್ಕಳು ನಿಮ್ಮನ್ನು ನಂಬತೊಡಗಿದ ಮೇಲೆ ನಿಮ್ಮ ಹತ್ತಿರ ಮಾತಾಡುತ್ತಾರೆ.

ಹಂತ 1: ಎರಡು ವಾರ ಸುಮ್ಮನೆ ನೋಡಿ

ಏನನ್ನೂ ಬದಲಾಯಿಸಬೇಡಿ. ಪ್ರತಿ ಪೀರಿಯಡ್‌ನಲ್ಲಿ ಮೂರು ಮಕ್ಕಳನ್ನು ಮನಸ್ಸಿನಲ್ಲೇ ಆರಿಸಿಕೊಳ್ಳಿ: ಚೆನ್ನಾಗಿ ಆಡುವ ಒಬ್ಬರು, ಸಾಧಾರಣ ಒಬ್ಬರು, ಅಂಚಿನವರೊಬ್ಬರು. ಒಬ್ಬೊಬ್ಬರೂ ಎಷ್ಟು ನಿಮಿಷ ನಿಜವಾಗಿ ಮೈ ಆಡಿಸಿದರು ಎಂದು ಸ್ಟಾಪ್‌ವಾಚ್ ಇಟ್ಟು ಲೆಕ್ಕ ಹಾಕಿ. ಸಾಲಿನಲ್ಲಿ ಸರದಿ ಕಾದದ್ದು, ಹಾಜರಿ ಕೂಗುವಾಗ ನಿಂತದ್ದು, ಔಟ್ ಆಗಿ ಕೂತದ್ದು ಯಾವುದೂ ಲೆಕ್ಕಕ್ಕಿಲ್ಲ. ಪೀರಿಯಡ್‌ನ ಅರ್ಧದಷ್ಟಾದರೂ ಸಮಯ ಮಕ್ಕಳು ಚುರುಕಾಗಿ ಚಲಿಸುತ್ತಿರಬೇಕು ಎನ್ನುವುದು ದೈಹಿಕ ಶಿಕ್ಷಣದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಗುರಿ. ನಿಮ್ಮ ಮೂರನೇ ಮಗುವಿನ ಲೆಕ್ಕ ನೋಡಿದರೆ ನಿಮಗೇ ಗಾಬರಿಯಾದೀತು. ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಸಿಕ್ಕಿದ್ದು 40ರಲ್ಲಿ 6 ನಿಮಿಷ. ಆ ಪೀರಿಯಡ್ ಬಹಳ ಚೆನ್ನಾಗಿ ಆಯಿತೆಂದೇ ನಾನು ಅಂದುಕೊಂಡಿದ್ದೆ.

ಅಂಚಿನವರೆಲ್ಲ ಒಂದೇ ಕಾರಣಕ್ಕೆ ಅಲ್ಲಿರುವುದಿಲ್ಲ. ಒಬ್ಬನಿಗೆ ಚೆಂಡೆಂದರೆ ಭಯ. ಒಬ್ಬಳಿಗೆ ಮುಟ್ಟಿನ ದಿನ. ಒಬ್ಬನಿಗೆ ಮನೆಯಲ್ಲಿ ನಿದ್ದೆಯಿಲ್ಲ. ಒಬ್ಬಳಿಗೆ ಆಟ ಇಷ್ಟವೇ, ಆದರೆ ಅವಳ ಗೆಳತಿಯರು ಕೂತಿದ್ದಾರೆ. ಹೆಸರಿನ ಮುಂದೆ ನಿಮ್ಮ ಊಹೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ಸಿಲ್ ಯಾಕೆಂದರೆ ಅರ್ಧಕ್ಕರ್ಧ ಊಹೆ ತಪ್ಪಾಗಿರುತ್ತದೆ, ಅಳಿಸಬೇಕಾಗುತ್ತದೆ.

ಎಚ್ಚರಿಕೆ: ನೀವು ಅಳೆಯುತ್ತಿದ್ದೀರಿ ಎಂದು ಮಕ್ಕಳಿಗೆ ಗೊತ್ತಾಗಬಾರದು. ಗೊತ್ತಾದರೆ ಎರಡು ದಿನ ಎಲ್ಲರೂ ಓಡುತ್ತಾರೆ, ಮೂರನೇ ದಿನ ಮತ್ತೆ ಮೊದಲಿನ ಹಾಗೆಯೇ.

ಹಂತ 2: ಆರೋಗ್ಯದ ಮಾಹಿತಿ ತರಿಸಿಕೊಳ್ಳಿ

ವರ್ಷದ ಆರಂಭದಲ್ಲಿ ಒಂದು ಪುಟದ ನಮೂನೆಯನ್ನು ಮನೆಗೆ ಕಳಿಸಿ. ಆಸ್ತಮಾ, ಮೂರ್ಛೆರೋಗ, ಮಧುಮೇಹ, ಹೃದಯದ ತೊಂದರೆ, ಇತ್ತೀಚಿನ ಪೆಟ್ಟು ಅಥವಾ ಆಪರೇಷನ್, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ಇಷ್ಟು ಕೇಳಿದರೆ ಸಾಕು. ಇನ್ನೆರಡು ಪ್ರಶ್ನೆ ಮಾತ್ರ ಬಿಡಬೇಡಿ: ಓಡುವಾಗ ಎಂದಾದರೂ ಎದೆನೋವು ಬಂದಿದೆಯೇ, ಪ್ರಜ್ಞೆ ತಪ್ಪಿದೆಯೇ? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ? ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದರೆ ವೈದ್ಯರು ನೋಡಿ ಒಪ್ಪುವವರೆಗೆ ಆ ಮಗುವಿಗೆ ಜೋರು ವ್ಯಾಯಾಮ ಬೇಡ.

ಆಸ್ತಮಾ ಇದೆ ಎಂದಾಕ್ಷಣ ಮಗುವನ್ನು ಕೂರಿಸಬೇಕಾಗಿಲ್ಲ. ಉಸಿರು ತೆರೆಯುವ ಇನ್‌ಹೇಲರ್ ಮೈದಾನದಲ್ಲೇ ಕೈಗೆ ಸಿಗುವಂತಿರಲಿ. ಬ್ಯಾಗಿನಲ್ಲಿ, ಬೀಗ ಹಾಕಿದ ಕೋಣೆಯಲ್ಲಿ ಇದ್ದು ಪ್ರಯೋಜನವಿಲ್ಲ. ವಾರ್ಮ್ ಅಪ್ ನಿಧಾನವಾಗಿ, ಸ್ವಲ್ಪ ಉದ್ದವಾಗಿ ಆಗಲಿ. ಈ ನಮೂನೆಗಳು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿರಬಾರದು ಎಂದು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೆ. ನೋಡಿದ್ದೇನೆ, ಹೇಳಬೇಕು.

ಹಂತ 3: ಅವಮಾನ ಮಾಡುವುದನ್ನು ಮೊದಲು ತೆಗೆಯಿರಿ

ಹೊಸದೇನನ್ನಾದರೂ ಸೇರಿಸುವ ಆತುರ ಎಲ್ಲರಿಗೂ ಇರುತ್ತದೆ: ಯೋಗ, ಧ್ಯಾನ, ಸಂಗೀತದ ಜೊತೆ ಏರೋಬಿಕ್ಸ್. ಸ್ವಲ್ಪ ತಡೆಯಿರಿ. ಸೇರಿಸುವುದಕ್ಕಿಂತ ತೆಗೆಯುವುದರಿಂದ ಬೇಗ ಫಲ ಸಿಗುತ್ತದೆ. ನಾನಂತೂ ಈ ಆರನ್ನು ಇದೇ ಕ್ರಮದಲ್ಲಿ ತೆಗೆಯಲು ಹೇಳುತ್ತೇನೆ.

ಮೊದಲನೆಯದು, ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸುವುದು. ತಡವಾಗಿ ಬಂದರೆ ಮೈದಾನಕ್ಕೆ ಐದು ರೌಂಡ್, ಮಾತಾಡಿದರೆ ಇಪ್ಪತ್ತು ಬಸ್ಕಿ. ಒಂದು ಕೈಯಲ್ಲಿ “ಓಡುವುದು ಸಂತೋಷ” ಎನ್ನುತ್ತಾ ಇನ್ನೊಂದು ಕೈಯಲ್ಲಿ ಓಡುವುದನ್ನೇ ದಂಡವಾಗಿ ಕೊಟ್ಟರೆ ಮಕ್ಕಳು ಯಾವುದನ್ನು ನಂಬಬೇಕು? ಗಣಿತದ ಶಿಕ್ಷಕರು ಕೂಡ ತಮ್ಮ ತರಗತಿಯಲ್ಲಿ ಗಲಾಟೆ ಮಾಡಿದವರನ್ನು ನಿಮ್ಮ ಮೈದಾನಕ್ಕೆ ಓಡಲು ಕಳಿಸುತ್ತಿದ್ದರೆ ಅವರ ಜೊತೆಗೂ ಮಾತಾಡಿ. ಅದರ ಜೊತೆಗೆ, “ಗಲಾಟೆ ಮಾಡಿದ್ದಕ್ಕೆ ಇವತ್ತು ಪೀಟಿ ಇಲ್ಲ” ಎನ್ನುವ ಶಿಕ್ಷೆಯೂ ಬೇಡ. ಅತ್ತಿಂದಿತ್ತ ಚಡಪಡಿಸುವ ಮಗುವಿಗೇ ಆ ಓಡಾಟ ಎಲ್ಲರಿಗಿಂತ ಹೆಚ್ಚು ಬೇಕಾಗಿರುತ್ತದೆ.

ಎರಡನೆಯದು, ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದು ತಂಡ ಆರಿಸಿಕೊಳ್ಳುವುದು. ಕೊನೆಗೆ ಉಳಿದ ಇಬ್ಬರ ಮುಖ ನೋಡಿದವರಿಗೆ ಬೇರೆ ಕಾರಣ ಹೇಳಬೇಕಾಗಿಲ್ಲ. ತಂಡವನ್ನು ನೀವೇ ಹಿಂದಿನ ದಿನ ಬರೆದಿಟ್ಟುಕೊಳ್ಳಿ. ಹುಟ್ಟಿದ ತಿಂಗಳಿನ ಪ್ರಕಾರವೋ ಚೀಟಿ ಎತ್ತಿಯೋ ಮಾಡಿದರೂ ಆದೀತು.

ಮೂರನೆಯದು, ಔಟಾದವರು ಹೊರಗೆ ಕೂರುವ ಆಟಗಳು. ಮೊದಲು ಔಟಾಗುವವರು ಯಾರು? ಯಾರಿಗೆ ಅಭ್ಯಾಸ ಬೇಕೋ ಅವರೇ. ಅಂದರೆ ಆಟದ ನಿಯಮವೇ ಅವರನ್ನು ಅಂಚಿಗೆ ತಳ್ಳುತ್ತದೆ. ಔಟಾದವರು ಹತ್ತು ಸಲ ಹಗ್ಗ ಜಿಗಿದು ಮತ್ತೆ ಒಳಗೆ ಬರಲಿ, ಇಲ್ಲವೇ ಎದುರು ತಂಡ ಸೇರಲಿ. ನಿಯಮದ ಒಂದು ಸಾಲು ಬದಲಾದರೆ ಸಾಕು.

ನಾಲ್ಕನೆಯದು ಎಲ್ಲರ ಮುಂದೆ ನಡೆಸುವ ಫಿಟ್‌ನೆಸ್ ಪರೀಕ್ಷೆ. 20 ಮೀಟರ್ ಶಟಲ್ ಓಟವನ್ನೇ ತೆಗೆದುಕೊಳ್ಳಿ. ಎರಡು ಗೆರೆಗಳ ನಡುವೆ ಬೀಪ್ ಸದ್ದಿಗೆ ತಕ್ಕಂತೆ ಓಡುವುದು, ಸದ್ದು ಬರಬರುತ್ತಾ ಬೇಗಬೇಗ ಬರುತ್ತದೆ. ದಮ್ಮು ಅಳೆಯಲು ಅದು ಒಳ್ಳೆಯ ಸಾಧನವೇ. ಆದರೆ ಮೊದಲು ನಿಂತವರನ್ನು ಉಳಿದವರೆಲ್ಲ ನೋಡುತ್ತಾರೆ, ನಂತರ ಅಂಕ ಗೋಡೆಗೆ ಅಂಟುತ್ತದೆ. ಪರೀಕ್ಷೆ ಮಾಡಲೇಬೇಕಿದ್ದರೆ ಸಣ್ಣ ಗುಂಪುಗಳಲ್ಲಿ ಮಾಡಿ, ಉಳಿದವರು ಬೇರೆ ಕೆಲಸದಲ್ಲಿರಲಿ, ಅಂಕ ಆ ಮಗುವಿಗೆ ಮಾತ್ರ ತಿಳಿಯಲಿ. ಹೋಲಿಕೆ ಅದರದ್ದೇ ಹಿಂದಿನ ಅಂಕದ ಜೊತೆ ಮಾತ್ರ.

ಐದನೆಯದು, ತೂಕ. ಸಾಲಾಗಿ ನಿಲ್ಲಿಸಿ ತೂಕ ನೋಡಿ ಗಟ್ಟಿಯಾಗಿ ಕೂಗುವ ಅಭ್ಯಾಸ ಇನ್ನೂ ಇದ್ದರೆ ಇವತ್ತೇ ನಿಲ್ಲಿಸಿ. ತೂಕ ಅಗತ್ಯವಿದ್ದರೆ ಆರೋಗ್ಯ ತಪಾಸಣೆಯವರು ಪರದೆಯ ಹಿಂದೆ ನೋಡಲಿ. ಪಾಠದೊಳಗೆ ಅದಕ್ಕೆ ಕೆಲಸವಿಲ್ಲ.

ಆರನೆಯದು ಬಟ್ಟೆ. ಬಿಗಿಯಾದ, ತೆಳುವಾದ ಸಮವಸ್ತ್ರದಿಂದಾಗಿಯೇ ಎಷ್ಟೋ ಹುಡುಗಿಯರು, ದಪ್ಪಗಿರುವ ಎಷ್ಟೋ ಹುಡುಗರು ಮೈದಾನಕ್ಕೆ ಇಳಿಯುವುದಿಲ್ಲ. ಸಡಿಲವಾದ, ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟಿಗೆ ಅವಕಾಶ ಕೊಡಿ. ಬಟ್ಟೆ ಬದಲಿಸುವ ಜಾಗಕ್ಕೆ ಚಿಲಕ ಇದೆಯೇ ಎಂದು ಸ್ವತಃ ಹೋಗಿ ನೋಡಿ. ಬಟ್ಟೆ ತರದ ಮಗುವನ್ನು ಆಟದಿಂದ ಹೊರಗಿಡಬೇಡಿ. ಬಟ್ಟೆ ಮರೆಯುವುದೇ ಒಂದು ಉಪಾಯ ಎಂದು ಮಕ್ಕಳು ಬೇಗ ಕಲಿಯುತ್ತಾರೆ.

ಹಂತ 4: ಮೂರು ಹಸಿವುಗಳನ್ನು ಅರ್ಥ ಮಾಡಿಕೊಳ್ಳಿ

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಕಟ್ಟಿದ ‘ಸ್ವಯಂ ನಿರ್ಧಾರ ಸಿದ್ಧಾಂತ’ ಶಾಲಾ ಆಟಗಳ ಸಂಶೋಧನೆಯಲ್ಲಿ ಬಹಳ ಬಳಕೆಯಲ್ಲಿದೆ. ಹೆಸರು ಭಾರ, ವಿಷಯ ಸರಳ. ಮನುಷ್ಯನ ಮನಸ್ಸಿಗೆ ಮೂರು ಹಸಿವು: ನನ್ನ ಕೆಲಸವನ್ನು ನಾನೇ ಆರಿಸಿಕೊಂಡೆ ಎನ್ನುವುದು ಒಂದು, ಇದು ನನ್ನ ಕೈಲಾಗುತ್ತದೆ ಎನ್ನುವುದು ಇನ್ನೊಂದು, ಇಲ್ಲಿ ನನ್ನವರಿದ್ದಾರೆ ಎನ್ನುವುದು ಮತ್ತೊಂದು. ಈ ಮೂರೂ ಸಿಕ್ಕ ಕಡೆ ಮಕ್ಕಳು ತಾವಾಗಿಯೇ ಬರುತ್ತಾರೆ, ಸಿಗದ ಕಡೆ ಸೀಟಿ ಊದಿ ಕರೆಯಬೇಕಾಗುತ್ತದೆ.

*ಆಯ್ಕೆ.* “ಏನು ಬೇಕಾದರೂ ಆಡಿಕೊಳ್ಳಿ” ಎಂದು ಒಂದು ಚೆಂಡು ಎಸೆದು ನೆರಳಿಗೆ ಹೋಗುವುದಕ್ಕೆ ಆಯ್ಕೆ ಎನ್ನುವುದಿಲ್ಲ. ಆ ಚೆಂಡು ಯಾವ ಆರು ಜನರ ಕೈಗೆ ಹೋಗುತ್ತದೆ ಎಂದು ನಿಮಗೂ ಗೊತ್ತು, ಅಂಚಿನವರಿಗೂ ಗೊತ್ತು. ಎರಡೋ ಮೂರೋ ದಾರಿ ಮಾತ್ರ ಇಡಿ: ಈ ವಾರ ದಮ್ಮಿನ ಅಭ್ಯಾಸವನ್ನು ಓಟದಲ್ಲಿ ಮಾಡುವವರು ಇಲ್ಲಿ, ಹಗ್ಗದಲ್ಲಿ ಮಾಡುವವರು ಅಲ್ಲಿ, ನೃತ್ಯದ ಹೆಜ್ಜೆಯಲ್ಲಿ ಮಾಡುವವರು ಆ ಕಡೆ. ಗುರಿ ನಿಮ್ಮದು, ದಾರಿ ಅವರದು.

*ಕೈಲಾಗುವುದು.* ಒಂದೇ ಕೆಲಸಕ್ಕೆ ಮೆಟ್ಟಿಲುಗಳನ್ನು ಮಾಡಿ. ಇದಕ್ಕೆ ನಾಲ್ಕು ಹಿಡಿಕೆಗಳಿವೆ: ಜಾಗ, ಕೆಲಸ, ಸಲಕರಣೆ, ಜನ. ಚೆಂಡು ಹಿಡಿಯಲಾಗದ ಮಗುವಿಗೆ ದೂರ ಕಡಿಮೆ ಮಾಡಿ (ಜಾಗ), ಒಂದು ಪುಟ ಬಿದ್ದ ಮೇಲೆ ಹಿಡಿಯಲು ಬಿಡಿ (ಕೆಲಸ), ದೊಡ್ಡದಾದ ಮೆತ್ತನೆಯ ಚೆಂಡು ಕೊಡಿ (ಸಲಕರಣೆ), ಐವರ ಬದಲು ಇಬ್ಬರ ಜೊತೆ ಆಡಿಸಿ (ಜನ). ಗಾಲಿಕುರ್ಚಿಯಲ್ಲಿರುವ ಮಗುವನ್ನು ಆಟದೊಳಗೆ ತರುವುದಕ್ಕೂ ಇದೇ ನಾಲ್ಕು ಹಿಡಿಕೆ. ಆದರೆ ಆ ಮಗುವನ್ನೇ ಕೇಳದೆ ನಿಯಮ ಬದಲಿಸಲು ಹೋಗಬೇಡಿ. ತನಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಅದಕ್ಕೆ ನಿಮಗಿಂತ ಚೆನ್ನಾಗಿ ಗೊತ್ತು. ಇಲ್ಲಿ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ: “ಸುಲಭದ್ದು ದುರ್ಬಲರಿಗೆ” ಎಂದು ಬಾಯಿಬಿಟ್ಟು ಹೇಳಿಬಿಡುವುದು. ಮೆಟ್ಟಿಲುಗಳಿಗೆ ಬಣ್ಣದ ಹೆಸರಿಡಿ, ಯಾರು ಯಾವುದನ್ನು ಬೇಕಾದರೂ ಹತ್ತಲಿ.

*ನನ್ನವರು.* ಗುಂಪುಗಳನ್ನು ದಿನದಿನ ಬದಲಾಯಿಸಬೇಡಿ. ಹೆಸರು ಕೂಡ ಗೊತ್ತಿಲ್ಲದ ಐವರ ಜೊತೆ ಯಾವ ಮಗುವಿಗೂ ಬಾಂಧವ್ಯ ಹುಟ್ಟುವುದಿಲ್ಲ. ಅಂಚಿನ ಮಗುವಿಗೆ ಕನಿಷ್ಠ ಒಬ್ಬ ಗೆಳೆಯನೋ ಗೆಳತಿಯೋ ಅದೇ ಗುಂಪಿನಲ್ಲಿರಲಿ.

ಹಂತ 5: 40 ನಿಮಿಷವನ್ನು ಹೀಗೆ ಹಂಚಿ

ಮಕ್ಕಳು ಮೈದಾನಕ್ಕೆ ಕಾಲಿಟ್ಟ ಕೂಡಲೇ ಕೆಲಸ ಶುರುವಾಗಲಿ. ಬೋರ್ಡಿನಲ್ಲಿ ಬರೆದಿಡಿ: “ಜೋಡಿಯಾಗಿ, ಚೆಂಡು ಎಸೆಯುತ್ತಾ, ನಡೆಯುತ್ತಾ.” ಹಾಜರಿಯನ್ನು ಅವರು ಆಡುತ್ತಿರುವಾಗಲೇ ಹಾಕಿಕೊಳ್ಳಿ. ಸಾಲು, ಸಾವಧಾನ, ವಿಶ್ರಾಮ ಎಂದು ಹೋಗುತ್ತಿದ್ದ ಐದಾರು ನಿಮಿಷ ಇಲ್ಲೇ ಉಳಿಯುತ್ತದೆ.

ಮೊದಲ 7-8 ನಿಮಿಷ ವಾರ್ಮ್ ಅಪ್, ನಡಿಗೆಯಿಂದ ಓಟಕ್ಕೆ. ಮುಂದಿನ 22-25 ನಿಮಿಷ ಮುಖ್ಯ ಕೆಲಸ. ಹನ್ನೊಂದು-ಹನ್ನೊಂದರ ಒಂದು ದೊಡ್ಡ ಆಟಕ್ಕಿಂತ ಮೂರು-ಮೂರು, ನಾಲ್ಕು-ನಾಲ್ಕರ ಹಲವು ಸಣ್ಣ ಆಟಗಳು ಮೇಲು. ಸಣ್ಣ ಆಟದಲ್ಲಿ ಚೆಂಡು ಎಲ್ಲರ ಕೈಗೂ ಬರುತ್ತದೆ, ಅಡಗಿಕೊಳ್ಳಲು ಜಾಗವಿರುವುದಿಲ್ಲ, ನೋಡುವ ಕಣ್ಣುಗಳೂ ಕಡಿಮೆ.

ಎಷ್ಟು ಜೋರು ಸಾಕು ಎಂದು ತಿಳಿಯಲು ಯಂತ್ರ ಬೇಡ, ಮಾತಿನ ಪರೀಕ್ಷೆ ಇದೆ. ಮಾತಾಡಬಹುದು, ಆದರೆ ಹಾಡಲಾಗುವುದಿಲ್ಲ ಎಂದಾದರೆ ಅದು ಮಧ್ಯಮ ಶ್ರಮ. ನಾಲ್ಕು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ಅದು ಜೋರು ಶ್ರಮ. ಇನ್ನೊಂದು ದಾರಿ, ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಅಳತೆ. ತನಗೆ ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು 0ಯಿಂದ 10ರೊಳಗೆ ಮಗುವೇ ಅಂಕ ಹೇಳುತ್ತದೆ. ಬೆರಳಿನಲ್ಲಿ ತೋರಿಸಲು ಹೇಳಿ. ನನಗೆ ಇದರಲ್ಲಿ ಇಷ್ಟವಾಗುವುದು ಏನೆಂದರೆ, ನಿಧಾನವಾಗಿ ಓಡುವ ಮಗುವಿನ 7 ಮತ್ತು ಚಿರತೆಯ ಹಾಗೆ ಓಡುವ ಮಗುವಿನ 7 ಎರಡಕ್ಕೂ ಒಂದೇ ಬೆಲೆ. ಇಬ್ಬರೂ ಅಷ್ಟೇ ದುಡಿದಿದ್ದಾರೆ.

ಕೊನೆಯ 5 ನಿಮಿಷವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಎಲ್ಲರೂ ಕೂರಲಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಒಳಕ್ಕೆ, ಆರು ಎಣಿಸುತ್ತಾ ಹೊರಕ್ಕೆ, ಹತ್ತು ಸಲ. ಉಸಿರು ಹೊರಹೋಗುವುದು ನಿಧಾನವಾದರೆ ಎದೆಬಡಿತವೂ ನಿಧಾನವಾಗುತ್ತದೆ. ಅದನ್ನು ಮಕ್ಕಳು ಮಣಿಕಟ್ಟಿನಲ್ಲಿ ನಾಡಿ ಹಿಡಿದು ತಾವೇ ಕಂಡುಕೊಳ್ಳಲಿ. “ಇದನ್ನೇ ಪರೀಕ್ಷೆಯ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬರುವ ಮುಂಚೆ ಮಾಡಿ” ಎಂದು ಹೇಳಿ. ಹೇಳದಿದ್ದರೆ ಮೈದಾನದ ಪಾಠ ಮೈದಾನದಲ್ಲೇ ಉಳಿದುಬಿಡುತ್ತದೆ.

ಹಂತ 6: ಪಾತ್ರಗಳನ್ನು ಹಂಚಿ

ಡ್ಯಾರಿಲ್ ಸೀಡೆಂಟಾಪ್ ಎಂಬ ಅಮೆರಿಕದ ಶಿಕ್ಷಣತಜ್ಞರು ರೂಪಿಸಿದ ‘ಕ್ರೀಡಾ ಶಿಕ್ಷಣ’ ಮಾದರಿಯಲ್ಲಿ ಒಂದು ಆಟವನ್ನು ಹಲವು ವಾರಗಳ ಸೀಸನ್ ಆಗಿ ಆಡಿಸುತ್ತಾರೆ. ತಂಡಗಳು ಕೊನೆಯವರೆಗೂ ಅವೇ. ಪ್ರತಿ ಮಗುವೂ ಆಟಗಾರನಾಗಿರುವುದರ ಜೊತೆಗೆ ಇನ್ನೊಂದು ಹೊಣೆ ಹೊರುತ್ತದೆ: ರೆಫರಿ, ಅಂಕ ಬರೆಯುವವರು, ವಾರ್ಮ್ ಅಪ್ ಮಾಡಿಸುವವರು, ಸಲಕರಣೆ ನೋಡಿಕೊಳ್ಳುವವರು, ಆಟದ ಸುದ್ದಿ ಬರೆಯುವವರು. ಕೊನೆಗೊಂದು ಹಬ್ಬದಂಥ ಅಂತಿಮ ಪಂದ್ಯ.

ಅಂಚಿನ ಮಗು ಒಳಗೆ ಬರುವುದು ಬಹಳ ಸಲ ಈ ಬಾಗಿಲಿನಿಂದ. ಓಡಲು ನಾಚುವ ಹುಡುಗಿ ಸೀಟಿ ಹಿಡಿದಾಗ ಬೇರೆಯೇ ಮನುಷ್ಯಳು. ಆದರೆ ಈ ಬಾಗಿಲಿನಲ್ಲೇ ಒಂದು ಹಳ್ಳವೂ ಇದೆ. ದಪ್ಪಗಿರುವ ಹುಡುಗನನ್ನು ವರ್ಷವಿಡೀ ಅಂಕ ಬರೆಯಲು ಕೂರಿಸಿದರೆ ಅದು ಅಂಚಿಗೇ ಕುರ್ಚಿ ಹಾಕಿಕೊಟ್ಟ ಹಾಗೆ. ಪಾತ್ರ ವಾರ ವಾರ ತಿರುಗಬೇಕು, ಆಟ ಎಲ್ಲರಿಗೂ ಇರಬೇಕು.

ಹಂತ 7: ಬೆಳೆಯುವ ಮೈಯ ಬಗ್ಗೆ ಮುಚ್ಚಿಡದೆ ಮಾತಾಡಿ

ಎತ್ತರ ಅತಿ ವೇಗವಾಗಿ ಏರುವ ಕಾಲ ಹುಡುಗಿಯರಲ್ಲಿ ಸರಾಸರಿ 12ರ ಆಸುಪಾಸು, ಹುಡುಗರಲ್ಲಿ 14ರ ಆಸುಪಾಸು. ಒಂದೇ ತರಗತಿಯಲ್ಲಿ ಮೀಸೆ ಬಂದವನೂ ಇರುತ್ತಾನೆ, ಇನ್ನೂ ಮಗುವಿನಂತೆ ಇರುವವನೂ ಇರುತ್ತಾನೆ. ಕೈಕಾಲು ಉದ್ದವಾದಷ್ಟು ಬೇಗ ಅವುಗಳ ಮೇಲೆ ಹಿಡಿತ ಬರುವುದಿಲ್ಲ, ಹಾಗಾಗಿ ನಿನ್ನೆ ಚೆನ್ನಾಗಿ ಆಡುತ್ತಿದ್ದವರು ಇವತ್ತು ಎಡವುತ್ತಾರೆ. ಇದು ತಾತ್ಕಾಲಿಕ ಎಂದು ಯಾರಾದರೂ ಹೇಳದಿದ್ದರೆ “ನನಗೆ ಆಟ ಬರುವುದಿಲ್ಲ” ಎಂದು ಅಲ್ಲೇ ಬಿಟ್ಟುಬಿಡುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ನೋವು ಎನ್ನುವ ಮಕ್ಕಳನ್ನು ಸೋಮಾರಿ ಎನ್ನಬೇಡಿ. ಬೆಳವಣಿಗೆಯ ಕಾಲದಲ್ಲಿ ಜಿಗಿತ, ಓಟ ಹೆಚ್ಚಾದಾಗ ಅಲ್ಲಿ ನಿಜವಾಗಿಯೂ ನೋಯುತ್ತದೆ. ಕೆಲಸ ಕಡಿಮೆ ಮಾಡಿ, ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಲು ಹೇಳಿ.

ಮುಟ್ಟಿನ ವಿಷಯಕ್ಕೆ ಬಂದರೆ ಬಹಳ ಪುರುಷ ಶಿಕ್ಷಕರು ಮಾತೇ ಎತ್ತುವುದಿಲ್ಲ, ಹುಡುಗಿಯರು ಕೇಳುವುದೂ ಇಲ್ಲ. ವರ್ಷದ ಮೊದಲ ದಿನವೇ ಎಲ್ಲರಿಗೂ ಸಹಜವಾಗಿ ಹೇಳಿಬಿಡಿ: ಮುಟ್ಟಿನ ದಿನ ಆಡಬಹುದು, ಆಡುವುದರಿಂದ ಹಾನಿಯಿಲ್ಲ, ನೋವಿದ್ದರೆ ಹಗುರಾದ ಕೆಲಸ ಆರಿಸಿಕೊಳ್ಳಬಹುದು, ಕಾರಣ ಹೇಳಬೇಕಿಲ್ಲ. ಪ್ಯಾಡ್ ಎಲ್ಲಿ ಸಿಗುತ್ತದೆ ಎಂದು ಕೇಳದೆಯೇ ಗೊತ್ತಾಗುವಂತಿರಲಿ. ಕಾರಣ ಕೇಳದೆ ಬಿಟ್ಟರೆ ಎಲ್ಲರೂ ದುರುಪಯೋಗ ಮಾಡಿಕೊಳ್ಳುತ್ತಾರೆ ಎಂಬ ಭಯ ಬೇಡ. “ಆಡು, ಇಲ್ಲವೇ ಕೂರು” ಎಂದಾಗ ಮಕ್ಕಳು ಕೂರುತ್ತಾರೆ, “ಹಗುರಾದದ್ದು ಮಾಡು” ಎಂದರೆ ಮಾಡುತ್ತಾರೆ.

ಇನ್ನೊಂದು ತುದಿಯನ್ನೂ ಗಮನಿಸಿ. ಊಟ ಬಿಟ್ಟು, ಪೆಟ್ಟಾದರೂ ನಿಲ್ಲದೆ, ದಿನಕ್ಕೆ ಮೂರು ಸಲ ಅಭ್ಯಾಸ ಮಾಡುವ ಮಗುವನ್ನು ನಾವು ಹೊಗಳುತ್ತೇವೆ. ಮೈ ಕರಗುತ್ತಿದ್ದರೆ, ಹುಡುಗಿಗೆ ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ, ಮೂಳೆಗೆ ಪದೇ ಪದೇ ಪೆಟ್ಟಾಗುತ್ತಿದ್ದರೆ ಅದು ಶ್ರದ್ಧೆಯಲ್ಲ, ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗುತ್ತಿಲ್ಲವೆಂಬ ಸೂಚನೆ. ವೈದ್ಯರು ನೋಡಬೇಕು.

ಹಂತ 8: ಬಾಯಿ ಹಿಡಿದು ಮಾತಾಡಿ

ಮೈಯ ಬಗ್ಗೆ ಮಾತು ಬೇಡ, ತಮಾಷೆಗೂ ಬೇಡ. “ಹುಡುಗಿಯರ ಹಾಗೆ ಓಡಬೇಡ” ಎನ್ನುವ ಒಂದೇ ಮಾತು ಅರ್ಧ ತರಗತಿಯನ್ನು ಅವಮಾನಿಸುತ್ತದೆ. ಹೊಗಳುವಾಗ “ಸೂಪರ್” ಎನ್ನುವ ಬದಲು ಕಂಡದ್ದನ್ನು ಹೇಳಿ: “ಈ ಸಲ ಚೆಂಡು ಬರುವ ಮುಂಚೆಯೇ ಕೈ ಮುಂದೆ ಬಂತು.” ತಿದ್ದುವುದನ್ನು ಹತ್ತಿರ ಹೋಗಿ ಮೆಲ್ಲಗೆ ಮಾಡಿ.

ಹಂತ 9: ಮಗು ಸಂಕಟದಲ್ಲಿದೆ ಅನ್ನಿಸಿದರೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 10ರಿಂದ 19ರ ವಯಸ್ಸಿನ ಪ್ರತಿ ಏಳು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇರುತ್ತದೆ. ಪೀಟಿ ಶಿಕ್ಷಕರ ಕಣ್ಣಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ: ಬಿಸಿಲಿನಲ್ಲೂ ಮಡಚದ ಅಂಗಿಯ ತೋಳು, ಕೈಮೇಲಿನ ಗಾಯದ ಗುರುತು, ಒಂದೇ ಸಮನೆ ಇಳಿಯುತ್ತಿರುವ ಮೈ, ನಿನ್ನೆಯವರೆಗೆ ಮುಂದೆ ನಿಲ್ಲುತ್ತಿದ್ದವರು ಇದ್ದಕ್ಕಿದ್ದಂತೆ ಹಿಂದೆ ಸರಿದದ್ದು.

ಕಂಡರೆ, ಸಲಕರಣೆ ಎತ್ತಿಡುವ ನೆಪದಲ್ಲಿ ಜೊತೆಗೆ ನಡೆಯುತ್ತಾ ಕೇಳಿ. ಎದುರುಬದುರು ಕೂರಿಸಿ ವಿಚಾರಿಸಿದರೆ ಬಾಯಿ ಕಟ್ಟುತ್ತದೆ, ಪಕ್ಕದಲ್ಲಿ ನಡೆದರೆ ಬಿಚ್ಚುತ್ತದೆ. “ಎರಡು ವಾರದಿಂದ ನೀನು ಸಪ್ಪಗಿದ್ದೀಯ ಅನ್ನಿಸಿತು” ಎಂದು ಕಂಡದ್ದನ್ನಷ್ಟೇ ಹೇಳಿ ಸುಮ್ಮನಾಗಿ. ಉಪದೇಶ ಬೇಡ, ನಿಮ್ಮ ಕಾಲದ ಕಷ್ಟದ ಕತೆಯೂ ಬೇಡ.

“ಯಾರಿಗೂ ಹೇಳಬೇಡಿ ಸರ್” ಎಂದು ಮಗು ಕೇಳಿಕೊಳ್ಳುತ್ತದೆ. ಮಾತು ಕೊಡಬೇಡಿ. “ನಿನಗೆ ಅಪಾಯವಿದೆ ಅನ್ನಿಸಿದರೆ ಸಹಾಯ ಮಾಡಬಲ್ಲ ಒಬ್ಬರಿಗೆ ಹೇಳಲೇಬೇಕಾಗುತ್ತದೆ, ನಿನಗೆ ತಿಳಿಸಿಯೇ ಹೇಳುತ್ತೇನೆ” ಎನ್ನಿ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಅಂಥ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮೊದಲೇ ಬರೆದಿಟ್ಟುಕೊಂಡ ಆ ಹೆಸರಿನವರನ್ನು ಅಲ್ಲಿಗೇ ಕರೆಸಿ. ಮನೆಯಲ್ಲೇ ಯಾರೋ ಹಿಂಸೆ ಕೊಡುತ್ತಿದ್ದಾರೆ ಎಂಬ ಸುಳಿವಿದ್ದರೆ ಮನೆಗೆ ಫೋನ್ ಮಾಡುವ ಮುಂಚೆ ಶಾಲೆಯ ಆ ಹೆಸರಿನವರ ಜೊತೆ ಮಾತಾಡಿ. ನೀವು ಚಿಕಿತ್ಸಕರಲ್ಲ. ಗಮನಿಸುವುದು, ಕೇಳಿಸಿಕೊಳ್ಳುವುದು, ತಲುಪಿಸುವುದು, ಇಷ್ಟೇ ನಿಮ್ಮ ಪಾಲು. ಆ ದಿನವೇ ದಿನಾಂಕ ಹಾಕಿ ಮಗುವಿನ ಮಾತಿನಲ್ಲೇ ಬರೆದಿಡಿ.

ಹಂತ 10: ಪೆಟ್ಟು ಮತ್ತು ಬಿಸಿಲು

ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ತಲೆಸುತ್ತು, ಗೊಂದಲ, ವಾಕರಿಕೆ ಎಂದರೆ ಆ ದಿನ ಮತ್ತೆ ಆಡಿಸಬಾರದು, ಎಷ್ಟೇ ಮುಖ್ಯವಾದ ಪಂದ್ಯವಾದರೂ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತಲೇ ಹೋದರೆ ತಕ್ಷಣ ಆಸ್ಪತ್ರೆ. ಬಿಸಿಲಿನಲ್ಲಿ ಮಗು ಬಡಬಡಿಸತೊಡಗಿದರೆ ಅಥವಾ ಕುಸಿದರೆ ಆಂಬುಲೆನ್ಸ್‌ಗೆ ಕರೆ ಮಾಡಿಸಿ, ಅದು ಬರುವವರೆಗೆ ಕಾಯದೆ ನೆರಳಿನಲ್ಲಿ ತಣ್ಣೀರಿನಿಂದ ಮೈಯೆಲ್ಲ ತಣಿಸಿ. ಮೈ ತಣಿಸುವುದು ಮೊದಲು, ಸಾಗಿಸುವುದು ಆಮೇಲೆ. ನೀರು ಕುಡಿಯಲು ಅನುಮತಿ ಕೇಳಬೇಕಾದ ನಿಯಮ ನಿಮ್ಮ ಮೈದಾನದಲ್ಲಿದ್ದರೆ ಅದನ್ನು ಎತ್ತಿಹಾಕಿ.

ಹಂತ 11: ಅಳೆಯಿರಿ, ಅಂಕ ಕೊಡಬೇಡಿ

ಟರ್ಮಿನ ಕೊನೆಗೆ ಹಂತ 1ರ ಸ್ಟಾಪ್‌ವಾಚ್ ಲೆಕ್ಕವನ್ನು ಮತ್ತೆ ಮಾಡಿ. ಜೊತೆಗೆ ಹೆಸರಿಲ್ಲದ ಚೀಟಿಯಲ್ಲಿ ಮೂರು ಪ್ರಶ್ನೆ: ಈ ಪೀರಿಯಡ್‌ಗೆ ಬರಲು ಮನಸ್ಸಾಗುತ್ತದೆಯೇ? ಇಲ್ಲಿ ಯಾರಾದರೂ ನಿನ್ನನ್ನು ನೋಡಿ ನಕ್ಕಿದ್ದಾರೆಯೇ? ಯಾವುದೊಂದನ್ನು ಬದಲಾಯಿಸಬೇಕು? ಎರಡನೇ ಪ್ರಶ್ನೆಯ ಉತ್ತರಗಳನ್ನು ಒಬ್ಬರೇ ಕೂತು ಓದಿ.

ಇನ್ನಷ್ಟು ಬೇಕೆನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಸೂಚಿ ಇದೆ, 1998ರದ್ದು. ಕಳೆದ ಎರಡು ವಾರ ಮನಸ್ಸು ಉಲ್ಲಾಸವಾಗಿತ್ತೇ, ಶಾಂತವಾಗಿತ್ತೇ, ಚೈತನ್ಯವಿತ್ತೇ, ಎದ್ದಾಗ ನಿದ್ದೆ ತಿಳಿಯಾಗಿತ್ತೇ, ದಿನಗಳಲ್ಲಿ ಆಸಕ್ತಿಯ ಸಂಗತಿಗಳಿದ್ದವೇ ಎಂದು ಕೇಳುತ್ತದೆ. ಒಂದೊಂದಕ್ಕೂ 0ಯಿಂದ 5, ಒಟ್ಟು 25. 4ರಿಂದ ಗುಣಿಸಿದರೆ ನೂರಕ್ಕೆ. ಪೋಷಕರ ಒಪ್ಪಿಗೆ ಮತ್ತು ಸಮಾಲೋಚಕರ ಜೊತೆಯಿಲ್ಲದೆ ಇದನ್ನು ಬಳಸಬೇಡಿ. ಕಡಿಮೆ ಅಂಕ ಬಂದ ಮಗುವಿನ ಜೊತೆ ಮಾತಾಡಬೇಕೆಂದು ಇದು ಸೂಚಿಸುತ್ತದೆ ಅಷ್ಟೇ, ರೋಗದ ಹೆಸರು ಹೇಳುವುದಿಲ್ಲ. ಇಲ್ಲಿನ ಯಾವ ಅಂಕವೂ ಪ್ರಗತಿಪತ್ರಕ್ಕೆ ಹೋಗಬಾರದು. ಹೋದರೆ ಮುಂದಿನ ಸಲ ಎಲ್ಲರೂ “ತುಂಬಾ ಉಲ್ಲಾಸ” ಎಂದೇ ಬರೆಯುತ್ತಾರೆ.

ಇನ್ನು, ಪರೀಕ್ಷೆ ಹತ್ತಿರ ಬಂದಾಗ ನಿಮ್ಮ ಪೀರಿಯಡ್ ಕೇಳಲು ಬರುವ ಸಹೋದ್ಯೋಗಿಗಳ ವಿಷಯ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ 50 ಅಧ್ಯಯನಗಳನ್ನು ಪರಿಶೀಲಿಸಿ, ಶಾಲೆಯಲ್ಲಿ ದೈಹಿಕ ಶಿಕ್ಷಣದ ಸಮಯ ಉಳಿಸಿದರೆ ಅಥವಾ ಹೆಚ್ಚಿಸಿದರೆ ಓದಿಗೆ ಹಾನಿಯಾಗುವಂತೆ ಕಾಣುವುದಿಲ್ಲ, ಸಹಾಯವೂ ಆಗಬಹುದು ಎಂದು ವರದಿ ಮಾಡಿತು. ಅದರ ಜೊತೆಗೆ ನಿಮ್ಮದೇ ನೋಟ್‌ಬುಕ್ ತೆರೆದು ತೋರಿಸಿ: ಜೂನ್‌ನಲ್ಲಿ ಅಂಚಿನಲ್ಲಿ ಎಷ್ಟು ಜನ ಕೂತಿದ್ದರು, ಈಗ ಎಷ್ಟು. ಅಷ್ಟಾದರೂ ಪೀರಿಯಡ್ ಬಿಡಲೇಬೇಕಾಗಿ ಬಂದರೆ ಪೂರ್ತಿ ಬಿಡಬೇಡಿ, ಇಪ್ಪತ್ತು ನಿಮಿಷ ಉಳಿಸಿಕೊಳ್ಳಿ. ವಾರ್ಮ್ ಅಪ್, ಒಂದು ಸಣ್ಣ ಆಟ, ಹತ್ತು ಉಸಿರು ಅಷ್ಟರಲ್ಲಿ ಮುಗಿಯುತ್ತವೆ.